ನಿಮ್ಮ ಬಗ್ಗೆ ಒಂದು ಪುಟ ಮೀರದಂತೆ ಬರೆಯಿರಿ

ನರ್ಸುಗಳ ಕೈಲಿ ಏನು ಬೇಕಾದರೂ ಮಾಡಿಸಬಹುದು, ಅವರ ಬಗ್ಗೆ ಅವರ ಬಾಯಿಂದಲೇ ಒಂದು ಒಳ್ಳೆ ಮಾತು ಹೊರಡಿಸಲಿಕ್ಕೆ ಮಾತ್ರ ಆಗುವುದಿಲ್ಲ. ಬೇಕಾದರೆ ಪರೀಕ್ಷೆ ಮಾಡಿ ನೋಡಿ. ಐಸಿಯುನಲ್ಲಿ ರಾತ್ರಿಪಾಳಿ ಮುಗಿಸಿ ಬಂದವಳನ್ನು ‘ಏನಮ್ಮ ವಿಶೇಷ?’ ಅಂತ ಕೇಳಿ. ‘ಏನಿಲ್ಲ, ಒಬ್ಬರಿಗೆ ಹಾರ್ಟ್ ನಿಂತಿತ್ತು, ವಾಪಸ್ ಬಂತು. ತಿಂಡಿ ಏನಿದೆ?’ ಅಂತಾಳೆ. ಅದೇ ನಮ್ಮ ಭಾವನವರು ರೈಲ್ವೆಯಲ್ಲಿ ಟಿಸಿ ಆಗಿದ್ದಾಗ ಅರಸೀಕೆರೆ ಜಂಕ್ಷನ್ನಿನಲ್ಲಿ ಟಿಕೆಟ್ಟಿಲ್ಲದ ಒಬ್ಬನನ್ನು ಹಿಡಿದ ಕಥೆಯನ್ನು ಇವತ್ತಿಗೂ ಹೇಳುತ್ತಾರೆ. ಹೇಳಿದಷ್ಟು ಸಲವೂ ಆ ಮನುಷ್ಯ ಎರಡಿಂಚು ಎತ್ತರ ಆಗಿದ್ದಾನೆ.

ಇಂಥ ತಂದೆಗೆ ಹುಟ್ಟಿದವಳು ಸುಮಿ, ನನ್ನ ಅಕ್ಕನ ಮಗಳು. ಹಾಸನದಲ್ಲಿ ಬಿಎಸ್‌ಸಿ ನರ್ಸಿಂಗ್ ಮಾಡಿ, ಬೆಂಗಳೂರಿನ ಐಸಿಯುಗಳಲ್ಲಿ ದುಡಿದು, ಎನ್‌ಕ್ಲೆಕ್ಸ್ ಅನ್ನುವ ಅಮೆರಿಕದ ನರ್ಸ್ ಲೈಸೆನ್ಸಿನ ಪರೀಕ್ಷೆ ಪಾಸು ಮಾಡಿಕೊಂಡು ಟೆಕ್ಸಸ್ಸಿಗೆ ಹೋದಳು. ಅಲ್ಲಿ ನೆಮ್ಮದಿಯಾಗಿ ಇರಬಾರದೇ? ಈಗ ನರ್ಸ್ ಅನಸ್ತೀಷಿಯಾ ಓದುತ್ತಾಳಂತೆ. ಭಾವನವರು ಫೋನಿನಲ್ಲೇ ತನಿಖೆ ಶುರುಮಾಡಿದರು. ‘ಅರಿವಳಿಕೆ ಕೊಡೋದು ಡಾಕ್ಟರ ಕೆಲಸ ಅಲ್ವೇನೇ?’

ಇಲ್ಲಿ ಹೌದು, ಅಲ್ಲಿ ಹಾಗಲ್ಲ. ಅಮೆರಿಕದಲ್ಲಿ ನರ್ಸುಗಳು ಅರಿವಳಿಕೆ ಕೊಡುವುದು ಹತ್ತೊಂಬತ್ತನೇ ಶತಮಾನದಿಂದಲೂ ನಡೆದುಬಂದದ್ದು. ಮಿನೆಸೋಟಾದ ರಾಚೆಸ್ಟರಿನಲ್ಲಿ ಮೇಯೋ ಸಹೋದರರು ಕತ್ತಿ ಹಿಡಿದರೆ, ರೋಗಿಯ ತಲೆಯ ಕಡೆ ನಿಂತು ಈಥರನ್ನು ತೊಟ್ಟುತೊಟ್ಟಾಗಿ ಬಿಡುತ್ತಿದ್ದವರು ಆಲಿಸ್ ಮಗಾ ಎಂಬ ನರ್ಸ್. ಹದಿನಾಲ್ಕು ಸಾವಿರಕ್ಕೂ ಹೆಚ್ಚು ಅರಿವಳಿಕೆ, ಅದರಿಂದ ಒಂದೂ ಸಾವಿಲ್ಲ ಅಂತ 1906ರಲ್ಲಿ ಲೆಕ್ಕ ಕೊಟ್ಟು ಪ್ರಕಟಿಸಿದರು. ನೋಡಿ, ಆ ತಾಯಿಗೆ ತನ್ನ ಕೆಲಸದ ಬಗ್ಗೆ ಬರೆಯಲಿಕ್ಕೆ ಬರುತ್ತಿತ್ತು! ಆಮೇಲೆ ಡಾಕ್ಟರುಗಳು ‘ಇದು ನಮ್ಮ ಕೆಲಸ’ ಅಂತ ಡ್ಯಾಗ್ಮಾರ್ ನೆಲ್ಸನ್ ಎಂಬ ನರ್ಸಿನ ಮೇಲೆ ಕೇಸು ಹಾಕಿದರು. 1936ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ನರ್ಸಿನ ಪರವಾಗಿಯೇ ತೀರ್ಪು ಕೊಟ್ಟಿತು. ಇಷ್ಟೆಲ್ಲ ಹೇಳಿದರೂ ಭಾವನವರು ಬಗ್ಗಲಿಲ್ಲ. ಸಂಬಳ ವರ್ಷಕ್ಕೆ ಎರಡು ಲಕ್ಷ ಡಾಲರಿಗೂ ಮೇಲೆ ಅಂದಾಗ ರೂಪಾಯಿಗೆ ಗುಣಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಾದರು. ಫೀಸೇ ಒಂದು ಲಕ್ಷ ಡಾಲರು ದಾಟುವುದು ಮಾಮೂಲು ಅಂದಾಗ ಇನ್ನೂ ಸ್ವಲ್ಪ ಹೊತ್ತು. ಅಕ್ಕನ ಚಿಂತೆಯೇ ಬೇರೆ. 2022ರಿಂದ ಸೇರಿದವರೆಲ್ಲ ಡಾಕ್ಟರೇಟ್ ಮುಗಿಸಿಯೇ ಹೊರಗೆ ಬರಬೇಕು ಅಂತ ನಿಯಮ ಆಗಿರುವುದರಿಂದ, ಮದುವೆ ಕಾಗದದಲ್ಲಿ ‘ಡಾ.’ ಹಾಕಿಸಬಹುದೋ ಇಲ್ಲವೋ?

ಅರ್ಜಿ ಹಾಕಲಿಕ್ಕೆ ಬೇಕಾದ್ದು ಕಾಗದದ ಮೇಲೆ ಸುಲಭವಾಗಿಯೇ ಕಾಣುತ್ತದೆ. ಪದವಿ, ನರ್ಸ್ ಲೈಸೆನ್ಸು, ಕಡಿಮೆ ಎಂದರೆ ಒಂದು ವರ್ಷ ಐಸಿಯು ಅನುಭವ. ಆದರೆ ಬಹಳ ಕಡೆ ಬ್ಯಾಚಿಗೆ ಇಪ್ಪತ್ತೋ ಮೂವತ್ತೋ ಸೀಟು. ಹಾಗಾಗಿ ಬಾಗಿಲಲ್ಲಿ ನಿಂತವರೆಲ್ಲ ಕಡಿಮೆಗಿಂತ ಬಹಳ ಹೆಚ್ಚೇ ಹೊತ್ತು ತಂದಿರುತ್ತಾರೆ. ಸಿಸಿಆರ್‌ಎನ್ ಅಂತ ಐಸಿಯು ನರ್ಸುಗಳಿಗೆ ಒಂದು ಪರೀಕ್ಷೆ, ಮೂರು ಗಂಟೆಯಲ್ಲಿ 150 ಪ್ರಶ್ನೆ. ಅದನ್ನು ಸುಮಿ ನೈಟ್ ಡ್ಯೂಟಿ ಮುಗಿಸಿ ಬಂದ ಹಗಲುಗಳಲ್ಲೇ ಓದಿ ಪಾಸು ಮಾಡಿಬಿಟ್ಟಳು. ಪರೀಕ್ಷೆ ಅಂದರೆ ನಮ್ಮ ಮಕ್ಕಳಿಗೆ ಏನೂ ಅಲ್ಲ ಬಿಡಿ. ಅರಿವಳಿಕೆ ಕೊಡುವ ಒಬ್ಬ ನರ್ಸಿನ ಹಿಂದೆ ಆಪರೇಷನ್ ಥಿಯೇಟರಿನಲ್ಲಿ ದಿನವಿಡೀ ನಿಂತು ನೋಡಿಯೂ ಬಂದಳು. ಶಿಫಾರಸು ಪತ್ರ ಮಾತ್ರ ಫಜೀತಿಯ ಕೆಲಸ. ಅದನ್ನು ಐಸಿಯುನ ಮ್ಯಾನೇಜರೇ ಕೊಡಬೇಕು. ಕರೆದಾಗಲೆಲ್ಲ ಬರುವ ನೈಟ್ ನರ್ಸನ್ನು ಕಳೆದುಕೊಳ್ಳಲಿಕ್ಕೆ ತಾವೇ ಹೊಗಳಿ ಪತ್ರ ಬರೆಯುವಷ್ಟು ದೊಡ್ಡ ಮನಸ್ಸು ಯಾವ ಮ್ಯಾನೇಜರಿಗಿರುತ್ತದೆ? ಆ ಪುಣ್ಯಾತ್ಗಿತ್ತಿ ಬರೆದುಕೊಟ್ಟಳು. ಮುಂದಿನ ತಿಂಗಳ ಮೂರು ವೀಕೆಂಡಿನ ಡ್ಯೂಟಿ ಮಾತ್ರ ಸುಮಿಗೇ ಹಾಕಿದಳು.

ಆಮೇಲೆ ಬಂತು ಆತ್ಮನಿವೇದನೆ. ನೀವು ಯಾರು, ಈ ಕೆಲಸವೇ ಏಕೆ, ನಿಮ್ಮನ್ನೇ ಏಕೆ ತೆಗೆದುಕೊಳ್ಳಬೇಕು, ಒಂದು ಪುಟದಲ್ಲಿ ಬರೆಯಿರಿ. ರಿಟೈರ್ ಆದ ಇಂಗ್ಲಿಷ್ ಮೇಷ್ಟ್ರು ಒಬ್ಬ ಮನೆಯಲ್ಲಿ ಸುಮ್ಮನೆ ಕೂತಿದ್ದಾನೆ ಅಂತ ನನಗೆ ಕಳಿಸಿದಳು, ‘ಮಾವ, ಸ್ವಲ್ಪ ನೋಡಿ.’ ನೋಡಿದೆ. ಮೊದಲ ಪ್ಯಾರಾ: ಅನಸ್ತೀಷಿಯಾ ಎಂದರೇನು. ಎರಡನೆಯದು: ಅದರ ವಿಧಗಳು. ಮೂರನೆಯದು: ಅದರಲ್ಲಿ ನರ್ಸಿನ ಪಾತ್ರ. ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದ ಹತ್ತು ಮಾರ್ಕಿನ ಉತ್ತರ, ಚಿತ್ರ ಒಂದು ಬಿಟ್ಟು ಎಲ್ಲ ಇತ್ತು. ನನ್ನ ಕೈಯಲ್ಲಾಗಿದ್ದರೆ ಒಂಬತ್ತು ಕೊಡುತ್ತಿದ್ದೆ.

‘ಎಲ್ಲ ಸರಿ ಕಣೇ, ಇದರಲ್ಲಿ ನೀನೆಲ್ಲಿ?’ ಅಂದೆ.

‘ಕೊನೇಲಿ ಹೆಸರಿದೆಯಲ್ಲ ಮಾವ!’

ಸರಿ, ನಾನೇ ಬಾಯಿ ಬಿಡಿಸೋಣ ಅಂತ ಕೂತೆ. ನಿನ್ನ ಡ್ಯೂಟಿಯಲ್ಲಿ ನಡೆದದ್ದು ಏನಾದರೂ ಹೇಳು ಅಂದರೆ ‘ಹಂಗೇನಿಲ್ಲ’, ‘ಎಲ್ಲಾರೂ ಮಾಡೋದೇ.’ ಇಪ್ಪತ್ತು ನಿಮಿಷ ಆದ ಮೇಲೆ, ಯಾವುದೋ ಮಾತಿನ ಮಧ್ಯೆ, ಒಂದು ಹೊರಬಿತ್ತು. ನಂಜೇರಿದ ಒಬ್ಬ ರೋಗಿ, ಬಿಪಿ ಹಿಡಿದಿಡಲಿಕ್ಕೆ ನಾರ್‌ಅಡ್ರಿನಲಿನ್ ಡ್ರಿಪ್ಪು ಓಡುತ್ತಿದೆ. ಮಾನಿಟರಿನಲ್ಲಿ ಬಿಪಿ ಚೆನ್ನಾಗಿದೆ. ಡ್ರಿಪ್ಪು ಇಳಿಸೋಣ ಅಂತ ಎಲ್ಲರೂ ಅನ್ನುತ್ತಿದ್ದಾರೆ. ಇವಳು ರೋಗಿಯ ಕಾಲು ಮುಟ್ಟಿದಳು, ತಣ್ಣಗಿತ್ತು. ಮೂತ್ರದ ಚೀಲ ನೋಡಿದಳು, ಎರಡು ಗಂಟೆಯಿಂದ ಏನೂ ಇಳಿದಿಲ್ಲ. ಬಗ್ಗಿ ನೋಡಿದರೆ, ರಕ್ತನಾಳದೊಳಗಿನ ಒತ್ತಡ ಅಳೆಯುವ ಟ್ರಾನ್ಸ್‌ಡ್ಯೂಸರು ಸ್ಟ್ಯಾಂಡಿನಿಂದ ಜಾರಿ ಮಂಚದ ಪಕ್ಕ ಕೆಳಗೆ ನೇತಾಡುತ್ತಿದೆ. ಅದು ಹೃದಯದ ಮಟ್ಟದಲ್ಲೇ ಇರಬೇಕು. ಹತ್ತು ಸೆಂಟಿಮೀಟರ್ ಕೆಳಗಿಳಿದರೆ ಬಿಪಿ ಏಳೂವರೆ ಹೆಚ್ಚು ತೋರಿಸುತ್ತದೆ. ಇದು ಅದಕ್ಕಿಂತ ಎಷ್ಟೋ ಕೆಳಗಿತ್ತು. ಎತ್ತಿ ಸರಿಯಾದ ಜಾಗಕ್ಕೆ ಕಟ್ಟಿ ಝೀರೋ ಮಾಡಿದಳು, ಮಾನಿಟರಿನ ಚೆನ್ನಾಗಿದ್ದ ಬಿಪಿ ದಡಕ್ಕನೆ ಬಿತ್ತು. ಇಳಿಸಬೇಕೆಂದಿದ್ದ ಡ್ರಿಪ್ಪನ್ನು ಏರಿಸಿದರು.

‘ಇದನ್ನ ಬರಿಯೇ ಮಾರಾಯ್ತಿ!’

‘ಇದನ್ನೇನು ಬರಿಯೋದು ಮಾವ, ಅದು ಡ್ಯೂಟಿ. ಶಿಫ್ಟಿನ ಶುರುವಲ್ಲೇ ನೋಡ್ಕೋಬೇಕು.’

ಬರೆಸಿದೆ. ಆದರೂ ವಾಕ್ಯ ವಾಕ್ಯಕ್ಕೂ ಯುದ್ಧ. ‘ನಾನು ಗಮನಿಸಿದೆ’ ಅಂತ ನಾನು ತಿದ್ದಿದ್ದನ್ನು ಅವಳು ‘ಗಮನಿಸಲಾಯಿತು’ ಮಾಡುತ್ತಿದ್ದಳು. ಯಾರಿಂದಮ್ಮ ಗಮನಿಸಲಾಯಿತು? ಮಂಚದಿಂದಲೇ? ನಾಯಕತ್ವ, ಸ್ವಯಂಸೇವೆ ಅಂತ ಎರಡು ಕಾಲಮ್ಮಿದ್ದವು. ಇವಳು ಎರಡನ್ನೂ ಖಾಲಿ ಬಿಟ್ಟಿದ್ದಳು. ಕೆದಕಿದರೆ, ಡ್ಯೂಟಿಗೆ ಹೊಸದಾಗಿ ಸೇರಿದವರಿಗೆಲ್ಲ ವೆಂಟಿಲೇಟರ್ ಕಲಿಸುವವಳು ಇವಳೇ. ಕನ್ನಡ ಸಂಘದ ಯುಗಾದಿಯಲ್ಲಿ ನಾನೂರು ಎಲೆಗೆ ಊಟ ಬಡಿಸಿದ ಗುಂಪಿಗೂ ಇವಳೇ ಯಜಮಾನಿ. ಒಬ್ಬಟ್ಟು ಸಾಲದೆ ಬಂದರೂ ಜಗಳವಾಗದಂತೆ ನೋಡಿಕೊಂಡಳಂತೆ. ಅದಕ್ಕಿಂತ ದೊಡ್ಡ ನಾಯಕತ್ವ ನಾನಂತೂ ಕಂಡಿಲ್ಲ.

ಸಂದರ್ಶನಕ್ಕೂ ತಾಲೀಮು ನಡೆಸಿದೆವು. ಔಷಧಿಯ ಬಗ್ಗೆ ಏನು ಕೇಳಿದರೂ ಪಟಪಟ ಹೇಳುತ್ತಾಳೆ. ಯಾವುದು ರಕ್ತನಾಳ ಬಿಗಿಯುತ್ತದೆ, ಯಾವುದು ಹೃದಯ ಓಡಿಸುತ್ತದೆ, ನನಗೆ ತಲೆ ಬುಡ ತಿಳಿಯದೆ ‘ಸರಿ, ಸರಿ’ ಅನ್ನುತ್ತಿದ್ದೆ. ‘ನಿಮ್ಮ ದೌರ್ಬಲ್ಯ ಏನು?’ ಅಂದೆ. ಅವರಮ್ಮ ಹಿಂದಿನಿಂದ ಎತ್ತಿಕೊಡುತ್ತಿದ್ದಳೋ ಏನೋ, ನಿಲ್ಲಿಸದೆ ಏಳೆಂಟು ಹೇಳಿದಳು. ‘ನಿಮ್ಮ ಶಕ್ತಿ?’ ಅಂದೆ. ಬಹಳ ಹೊತ್ತಾದ ಮೇಲೆ ‘ಹೊಂದ್ಕೊಂಡು ಹೋಗ್ತೀನಿ’ ಅಂದಳು.

ಸಂದರ್ಶನ ಮುಗಿದು ಈಗ ಕಾಯುವ ಕಾಲ. ಮೊನ್ನೆ ಫೋನು ಬಂತು, ಹೆಸರು ವೇಟಿಂಗ್ ಲಿಸ್ಟಿನಲ್ಲಿದೆಯಂತೆ. ಅಷ್ಟು ದಿನ ಏನೂ ಅರ್ಥವಾಗದೆ ತೂಕಡಿಸುತ್ತಿದ್ದ ಭಾವನವರು ನೆಟ್ಟಗೆ ಕೂತು ಫೋನು ಇಸಕೊಂಡರು.

‘ನಂಬರ್ ಎಷ್ಟು?’

‘ನಂಬರ್ ಹೇಳಲ್ವಂತೆ ಅಪ್ಪ.’

‘ನಂಬರಿಲ್ಲದ ವೇಟಿಂಗ್ ಲಿಸ್ಟೇ? ಆರ್‌ಎಸಿನಾದ್ರೂ ಕೊಡ್ತಾರಾ?’

‘ಇಲ್ಲಪ್ಪ. ಯಾರಾದ್ರೂ ಬಿಟ್ಟರೆ ಕರೀತಾರೆ.’

‘ಚಾರ್ಟ್ ಯಾವಾಗ ಹಾಕ್ತಾರೆ?’

‘ಕ್ಲಾಸ್ ಶುರುವಾಗೋ ತನಕ ಯಾವಾಗ ಬೇಕಾದ್ರೂ ಕರೀಬಹುದಂತೆ.’

ಭಾವನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸಿಕೊಂಡರು. ‘ಆಯ್ತು, ಅಲ್ಲಿ ಟಿಸಿ ಯಾರು ಅಂತ ತಿಳ್ಕೊಂಡು ನಂಬರ್ ಕಳಿಸು. ನಾನು ಮಾತಾಡ್ತೀನಿ.’