ನೂರಕ್ಕೆ ಆರು, ಮೇಲೊಂದು ಕೊಸರು

ಗಣಿತದ ಪುಸ್ತಕದೊಳಗಿನ ಮೀನುಗಳು ಬಲು ವಿಧೇಯ. ‘ಬುಟ್ಟಿಯಲ್ಲಿ 24 ಮೀನುಗಳಿವೆ, 4 ಜನರಿಗೆ ಸಮನಾಗಿ ಹಂಚಿ’ ಎಂದ ಕೂಡಲೇ ನಾರದೆ, ಜಾರದೆ, ಒಂದೇ ಗಾತ್ರದಲ್ಲಿ ಸಾಲಾಗಿ ಮಲಗಿಬಿಡುತ್ತವೆ. ಮಂಗಳೂರಿನ ಧಕ್ಕೆಯಲ್ಲಿ ಹಾಗೆ ನಡೆಯುವುದಿಲ್ಲ. ಒಬ್ಬನಿಗೆ ಆರು ದೊಡ್ಡ ಅಂಜಲ್, ಇನ್ನೊಬ್ಬನಿಗೆ ಆರು ಪುಟ್ಟ ಬೂತಾಯಿ ಕೊಟ್ಟು ‘ಸಮಪಾಲು’ ಎಂದು ಹೇಳಿ ಬದುಕಿ ಬರುವುದು ಕಷ್ಟ. ಮಕ್ಕಳಿಗೆ ಕೂಡುವುದು, ಕಳೆಯುವುದು, ಭಾಗಿಸುವುದು ಕಲಿಸಬೇಕೆಂದರೆ ಗಾಳ ಹಿಡಿಸಿ ಎಂಬ ನನ್ನ ವಾದ ಹುಟ್ಟುವುದೇ ಈ ಜಗಳದಿಂದ. ತಪ್ಪಿದರೆ ತನ್ನ ಪಾಲಿಗೇ ಕತ್ತರಿ ಬೀಳುತ್ತದೆ ಎಂದಾದರೆ, ಯಾರೂ ಹೇಳದಿದ್ದರೂ ಮಗು ಇನ್ನೊಂದು ಸಲ ಎಣಿಸುತ್ತದೆ.

ಹಿಡಿದ ಮೇಲೂ ಪಾಠ ಮುಗಿಯುವುದಿಲ್ಲ. ಬಂಗುಡೆ ನೂರು ರೂಪಾಯಿಗೆ ಆರು ಎಂದು ಇಟ್ಟುಕೊಳ್ಳಿ. ‘ಒಂದು ಕೊಸರು ಹಾಕಮ್ಮಾ’ ಎಂದು ಕೊಳ್ಳುವವರು ರಾಗ ಎಳೆಯುತ್ತಾರೆ. ಏಳನೆಯದನ್ನು ಹಾಕಿದರೆ ಮೀನೊಂದಕ್ಕೆ ಹದಿನಾರೂಮುಕ್ಕಾಲರ ಹತ್ತಿರವಿದ್ದ ಬೆಲೆ ಹದಿನಾಲ್ಕೂಕಾಲರ ಆಸುಪಾಸಿಗೆ ಇಳಿಯುತ್ತದೆ. ಮೀನು ಮಾರುವ ಹೆಂಗಸು ಇದನ್ನು ಕಾಗದವಿಲ್ಲದೆ, ಎದುರಿಗಿರುವವರ ಮುಖ ನೋಡುತ್ತಲೇ ಲೆಕ್ಕ ಹಾಕಿ, ಕೊಸರಿಗೆಂದು ಎಲ್ಲಕ್ಕಿಂತ ಸಣ್ಣದನ್ನೇ ಆರಿಸುತ್ತಾಳೆ. ಸರಾಸರಿ ಎಂಬ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

ಇದು ಬರೀ ಕರಾವಳಿಯವರ ಅಭಿಮಾನದ ಮಾತಲ್ಲ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ ಬೀದಿ ವ್ಯಾಪಾರ ಮಾಡುವ ಮಕ್ಕಳನ್ನು ಪರೀಕ್ಷಿಸಿ ನ್ಯೂನ್ಸ್, ಶ್ಲೀಮನ್ ಮತ್ತು ಕ್ಯಾರಹರ್ ಎಂಬ ಸಂಶೋಧಕರು 1985ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿ. ಅದೇ ಬಗೆಯ ಲೆಕ್ಕವನ್ನು ಬರೀ ಅಂಕಿಗಳಾಗಿ ಕೊಟ್ಟಾಗ ಸರಿಯಾದದ್ದು ಸುಮಾರು 37. ಪರೀಕ್ಷೆಗೆ ಒಳಗಾದವರು ಐದೇ ಮಕ್ಕಳು, ಅದನ್ನು ಮುಚ್ಚಿಡುವುದಿಲ್ಲ. ಮುಂದೆ ಆ ಸಂಶೋಧಕರಲ್ಲಿ ಇಬ್ಬರು ಅಲ್ಲಿನ ಮೀನುಗಾರರನ್ನೇ ಪ್ರಶ್ನಿಸಿದರು. ಹೆಚ್ಚು ಶಾಲೆ ಕಾಣದ ಆ ಜನ, ಇಷ್ಟು ಹಸಿ ಮೀನಿಗೆ ಎಷ್ಟು ಹಸನಾದ ಮಾಲು ಎಂಬುದನ್ನಷ್ಟೇ ಅಲ್ಲ, ಇಷ್ಟು ಮಾಲು ಬೇಕಾದರೆ ಎಷ್ಟು ಹಿಡಿಯಬೇಕು ಎಂಬ ತಿರುಗುಮುರುಗು ಲೆಕ್ಕವನ್ನೂ ಬಿಡಿಸಿದರು. ಬಾಯಿಪಾಠದ ಸೂತ್ರಕ್ಕೆ ಹೀಗೆ ಹಿಂದಕ್ಕೆ ನಡೆಯುವ ಶಕ್ತಿ ಇರುವುದಿಲ್ಲ.

ಆದರೆ ನನ್ನ ವಾದಕ್ಕೆ ಗಾಳ ಹಾಕುವ ಸಾಕ್ಷ್ಯವೂ ಇದೆ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳ ಬಗ್ಗೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ವ್ಯಾಪಾರದಲ್ಲಿ ಚುರುಕಾದ ಮಕ್ಕಳು ಶಾಲೆಯ ಮಾದರಿಯ ಲೆಕ್ಕದಲ್ಲಿ ಎಡವಿದರು. ಹಾಗೆಂದು ಮೀನಿನ ಲೆಕ್ಕ ದಂಡ ಎನ್ನುವವರು ಅದೇ ಬರಹದ ಉಳಿದರ್ಧವನ್ನೂ ಓದಬೇಕು: ಶಾಲೆಯ ಲೆಕ್ಕದಲ್ಲಿ ಮುಂದಿದ್ದ ಮಕ್ಕಳು ವ್ಯಾಪಾರದ ಲೆಕ್ಕಕ್ಕೆ ತಡಕಾಡಿದರು. ಎರಡೂ ಕಡೆ ತೂತಿದ್ದ ಮೇಲೆ ಬಲೆ ನೇಯಬೇಕಾದದ್ದು ನಡುವೆ. ದಂಡೆಯಲ್ಲಿ ಗಾಳದ ಪಕ್ಕ ಒಂದು ನೋಟ್‌ಬುಕ್ ಇರಲಿ. ಹಿಡಿದದ್ದು, ನೀರಿಗೆ ಬಿಟ್ಟದ್ದು, ಉಳಿದದ್ದು ಮೂರು ಸಾಲಾಗಿ ಅದರಲ್ಲಿ ಬೀಳಲಿ. ಬಂಗುಡೆ ಕನಿಷ್ಠ 14 ಸೆಂಟಿಮೀಟರ್ ಇರಬೇಕೆಂಬ ಅಳತೆ ಹೇಗೂ ಇದೆ. ಸ್ಕೇಲು ಹಿಡಿದು ಅಳೆದು ಗಿಡ್ಡವನ್ನು ವಾಪಸು ಬಿಟ್ಟರೆ ಕಳೆಯುವ ಲೆಕ್ಕ ಎದುರಿಗೇ ಈಜಿಕೊಂಡು ಹೋಗುತ್ತದೆ.

ಮೀನು ತಿನ್ನದ ಮನೆಯವರು ಏನು ಮಾಡಬೇಕು ಎಂಬ ಆಕ್ಷೇಪಕ್ಕೆ ಉತ್ತರ ಸುಲಭ: ಹಿಡಿದದ್ದನ್ನೆಲ್ಲ ಬಿಡಲಿ, ಶೇಷ ಸೊನ್ನೆ ಬರುವ ಲೆಕ್ಕಕ್ಕೂ ಅಂಕ ಉಂಟು. ಗಟ್ಟಿಯಾದ ಆಕ್ಷೇಪ ಮೀನೇ ಬೀಳದಿದ್ದರೆ ಎಂಬುದು. ಅಪ್ಪ, ಮಗಳು ಮೂರು ಗಂಟೆ ಕೂತರು, ಒಂದೂ ಸಿಗಲಿಲ್ಲ. ಮೀನೊಂದಕ್ಕೆ ಹಿಡಿದ ಸಮಯ ಎಷ್ಟು? ಸೊನ್ನೆಯಿಂದ ಭಾಗಿಸಲು ಬರುವುದಿಲ್ಲ ಎಂದು ಮೇಷ್ಟ್ರು ಹೇಳಿದರೆ ಮಕ್ಕಳು ಬರೆದುಕೊಳ್ಳುತ್ತಾರೆ ಅಷ್ಟೆ. ಇಲ್ಲಿ ಮಗಳಿಗೆ ಅದು ಆಗಲೇ ಅರ್ಥವಾಗಿರುತ್ತದೆ. ‘ಇನ್ನೊಂದು ಹತ್ತು ನಿಮಿಷ ನೋಡೋಣ’ ಎನ್ನುತ್ತಿರುವವನು ಅಪ್ಪ.