ಎಲೆಗೊಂದು ಬಾಣಂತನ

1996ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸೋಥೆಬಿಸ್ ಹರಾಜಿನಲ್ಲಿ ಒಂದು ಮರದ ಪೆಟ್ಟಿಗೆ 5,74,500 ಡಾಲರಿಗೆ ಬಿಕರಿಯಾಯಿತು. ಜಾನ್ ಕೆನಡಿ ಅಮೆರಿಕದ ಅಧ್ಯಕ್ಷಗಾದಿ ಏರಿದಾಗ ಹಾಸ್ಯನಟ ಮಿಲ್ಟನ್ ಬರ್ಲ್ ಕೊಟ್ಟಿದ್ದ ಉಡುಗೊರೆ ಅದು: ಸಿಗಾರುಗಳ ತೇವ ಆರದಂತೆ ಕಾಯುವ ಹ್ಯೂಮಿಡಾರ್. ಕೊಂಡವರು ‘ಸಿಗಾರ್ ಅಫಿಶನಾಡೊ’ ಪತ್ರಿಕೆಯ ಮಾರ್ವಿನ್ ಶ್ಯಾಂಕೆನ್. ಪೆಟ್ಟಿಗೆಯ ಮೇಲಿನ ಫಲಕ ಒಳ್ಳೆಯ ಆರೋಗ್ಯವನ್ನೂ ಒಳ್ಳೆಯ ಧೂಮಪಾನವನ್ನೂ ಒಂದೇ ಉಸಿರಿನಲ್ಲಿ ಹಾರೈಸುತ್ತದೆ. ಬರ್ಲ್ ಹಾಸ್ಯನಟ ಎಂಬುದನ್ನು ಮರೆಯಬಾರದು.

ಪೆಟ್ಟಿಗೆ ಕೊಟ್ಟರೆ ಸಾಕೇ, ತುಂಬಬೇಡವೇ? ಕೆನಡಿಯವರ ಪತ್ರಿಕಾ ಕಾರ್ಯದರ್ಶಿ ಪಿಯರ್ ಸ್ಯಾಲಿಂಜರ್ ಬರೆದಿರುವಂತೆ, 1962ರ ಫೆಬ್ರುವರಿಯ ಒಂದು ಸಂಜೆ ಅಧ್ಯಕ್ಷರು ಅವರನ್ನು ಕರೆದು, ನಾಳೆ ಬೆಳಗಿನೊಳಗೆ ಸಾವಿರ ಕ್ಯೂಬನ್ ಸಿಗಾರು ಬೇಕು ಎಂದರು. ಸ್ಯಾಲಿಂಜರ್ ಊರೆಲ್ಲ ಅಲೆದು 1,200 ತಂದರು. ದಾಸ್ತಾನು ಖಾತ್ರಿಯಾದ ಮೇಲೆಯೇ ಅಧ್ಯಕ್ಷರು ಮೇಜಿನ ಖಾನೆಯಿಂದ ಕಾಗದ ತೆಗೆದು ಕ್ಯೂಬಾದ ಮೇಲಿನ ವ್ಯಾಪಾರ ನಿಷೇಧಕ್ಕೆ ಸಹಿ ಹಾಕಿದರು. ಒಳ್ಳೆಯ ಹವ್ಯಾಸಿಯ ಮೊದಲ ಲಕ್ಷಣ ಮುಂದಾಲೋಚನೆ.

ಇಂಥ ಹವ್ಯಾಸಿಗಳು ಈಗ ನಮ್ಮ ಊರುಗಳಲ್ಲೂ ಹುಟ್ಟಿಕೊಂಡಿದ್ದಾರೆ. ಮನೆಗೆ ಬಂದಿಳಿದ ಗಳಿಗೆಯಿಂದ ಸಿಗಾರಿಗೆ ಬಾಣಂತಿಯ ಆರೈಕೆ ಶುರು. ಗಾಳಿ ಸೋಕಬಾರದು, ಬಿಸಿಲು ತಾಗಬಾರದು, ಸೆಕೆಯಾಗಬಾರದು, ಶೀತವಾಗಬಾರದು. ಮಲಗಲು ಸ್ಪ್ಯಾನಿಷ್ ಸೀಡರ್ ಮರದ ಹಾಸೇ ಬೇಕು. (ಆ ಮರ ಬೆಳೆಯುವುದು ಅಮೆರಿಕ ಖಂಡದ ಉಷ್ಣ ನಾಡುಗಳಲ್ಲಿ, ಸಸ್ಯಶಾಸ್ತ್ರದ ಪ್ರಕಾರ ನಮ್ಮ ಬೇವಿನ ಕುಟುಂಬದ್ದೇ. ಹವ್ಯಾಸಿಯ ಮುಂದೆ ಈ ಮಾತು ಎತ್ತಬೇಡಿ, ಅವರ ಮುಖವೂ ಬೇವಾಗುತ್ತದೆ.) ಕುಡಿಯಲು ಡಿಸ್ಟಿಲ್ಡ್ ವಾಟರೇ ಆಗಬೇಕು, ಕಾವೇರಿ ನೀರು ಒಗ್ಗುವುದಿಲ್ಲ. ಪೆಟ್ಟಿಗೆಯೊಳಗಿನ ತೇವಾಂಶ ಶೇ 65ರಿಂದ 70ರ ಒಳಗಿರಬೇಕು. ಕಡಿಮೆಯಾದರೆ ಎಲೆ ಬಿರಿಯುತ್ತದೆ, ಹೆಚ್ಚಾದರೆ ಬೂಷ್ಟು ಹಿಡಿಯುತ್ತದೆ. ಈ ಐದು ಅಂಕದ ಓಣಿಯಲ್ಲೂ ಅರವತ್ತೈದರವರು, ಎಪ್ಪತ್ತರವರು ಎಂದು ಎರಡು ಪಂಗಡ. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಸೇದುತ್ತಾರೆ, ಆದರೆ ಆಮೇಲೆ ಹೊರಗೆ ಬಂದು ಮುಖ ಸಿಂಡರಿಸುತ್ತಾರೆ.

ತೇವ ಅಳೆಯಲು ಹೈಗ್ರೋಮೀಟರ್ ಇದೆ. ಹೈಗ್ರೋಮೀಟರ್ ನಿಜ ಹೇಳುತ್ತಿದೆಯೇ ಎಂದು ನೋಡಲು ಉಪ್ಪಿನ ಪರೀಕ್ಷೆ ಇದೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಲವೇ ಹನಿ ನೀರಿನಲ್ಲಿ ಕಲಸಿ, ಮೀಟರಿನ ಜೊತೆ ಗಾಳಿಯಾಡದ ಚೀಲದಲ್ಲಿಟ್ಟು ಕಾದರೆ ಒಳಗಿನ ತೇವಾಂಶ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮೀಟರೂ ಅಷ್ಟೇ ತೋರಿಸಬೇಕು. ಮನೆಯಲ್ಲಿ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಎಷ್ಟೋ ಗಂಡಸರಿಗೆ ಗೊತ್ತಾದದ್ದೇ ಈ ಪ್ರಯೋಗದ ದಿನ.

ಪಾಪ, ನಮ್ಮ ಹವಾಮಾನವೂ ಇವರ ಜೊತೆಗಿಲ್ಲ. ಆಷಾಢದ ಮಂಗಳೂರಿನಲ್ಲಿ ಗೋಡೆಯೇ ಬೆವರುತ್ತದೆ. ವೈಶಾಖದ ಕಲಬುರಗಿಯಲ್ಲಿ ಸೇದುವ ತುಟಿಯೇ ಒಡೆದಿರುತ್ತದೆ, ಇನ್ನು ಎಲೆಯ ಪಾಡೇನು? ಅದರ ಮೇಲೆ ಹುಳು. ಲ್ಯಾಸಿಯೋಡರ್ಮ ಎಂಬ ಈ ಪುಟ್ಟ ಕಂದು ಜೀವ ಎಲೆಯೊಳಗೆ ಮೊಟ್ಟೆಯಾಗಿ ಅಡಗಿ ವೀಸಾ ಇಲ್ಲದೆ ಬಂದಿರುತ್ತದೆ. ಸೆಕೆ ಏರಿದರೆ ಮರಿಯಾಗಿ, ದುಬಾರಿ ಎಲೆಯಲ್ಲಿ ಸುರಂಗ ಕೊರೆಯುತ್ತದೆ. ನಮ್ಮ ಅರಿಶಿನ, ಶುಂಠಿ, ಕೊತ್ತಂಬರಿ ಬೀಜಕ್ಕೆ ಬೀಳುವುದೂ ಇದೇ ಹುಳು. ಅಲ್ಲಿ ಬಿದ್ದರೆ ಅಮ್ಮ ಬಿಸಿಲಿಗೆ ಹರಡಿ, ಕೇರಿ, ಡಬ್ಬಿ ತುಂಬಿಸುತ್ತಾಳೆ. ಸಿಗಾರಿಗೆ ಬಿದ್ದರೆ ಮೂರು ದಿನ ಫ್ರೀಜರ್, ಒಂದು ದಿನ ಫ್ರಿಜ್, ಆಮೇಲೆ ಮೆಲ್ಲಗೆ ಹೊರಗೆ. ಅಷ್ಟು ದಿನ ಮಕ್ಕಳ ಐಸ್‌ಕ್ರೀಮಿಗೆ ಮನೆಯಲ್ಲಿ ಜಾಗವಿಲ್ಲ.

ಇಷ್ಟೆಲ್ಲ ಮಾಡಿ ವರ್ಷಗಟ್ಟಲೆ ಮಾಗಿಸಿದ್ದನ್ನು ಒಂದು ಗಂಟೆಯಲ್ಲಿ ಸುಡುತ್ತಾರೆ. 1989ರಲ್ಲಿ ಡೇವಿಡಾಫ್ ಸಂಸ್ಥೆ ಗುಣಮಟ್ಟ ಸಾಲದೆಂದು ಲಕ್ಷಕ್ಕೂ ಹೆಚ್ಚು ಕ್ಯೂಬನ್ ಸಿಗಾರುಗಳಿಗೆ ಬೆಂಕಿಯಿಟ್ಟಿತು. ಕೆಟ್ಟ ಸಿಗಾರಿಗೆ ಶಿಕ್ಷೆಯೂ ಬೆಂಕಿ, ಒಳ್ಳೆಯದಕ್ಕೆ ಮರ್ಯಾದೆಯೂ ಬೆಂಕಿ. ಎರಡನೆಯದಕ್ಕೆ ಮಾತ್ರ ಚರ್ಮದ ಸೋಫಾ ಬೇಕು. ಸೋಫಾದಲ್ಲಿ ಒರಗಿದ ಮೇಲೆ ರುಚಿಯ ವರದಿ: ಮೊದಲ ಮೂರನೇ ಒಂದು ಭಾಗದಲ್ಲಿ ಚರ್ಮ, ನಡುವೆ ಕಾಫಿ, ಕೊನೆಗೆ ಕೊಟ್ಟಿಗೆ. ಹೌದು, ಈ ಲೋಕದಲ್ಲಿ ಕೊಟ್ಟಿಗೆಯ ವಾಸನೆ ಮೆಚ್ಚುಗೆಯ ಮಾತು. ಸಗಣಿ ಬಾಚುವುದು ಬೇಡವೆಂದೇ ಹಾಸನದ ಹಳ್ಳಿ ಬಿಟ್ಟು ಬಂದವರ ಮಗ ಬೆಂಗಳೂರಿನ ಲೌಂಜಿನಲ್ಲಿ ಸಾವಿರಾರು ರೂಪಾಯಿ ತೆತ್ತು, ಕಣ್ಣು ಮುಚ್ಚಿ, ಅಜ್ಜನ ಕೊಟ್ಟಿಗೆಗೆ ಹೊಗೆಯ ದಾರಿಯಲ್ಲಿ ಮರಳುತ್ತಾನೆ.

ಆರೋಗ್ಯದ ಮಾತೆತ್ತಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇದೆ: ‘ನಾವು ಹೊಗೆ ಒಳಗೆ ಎಳ್ಕೊಳ್ಳೋದಿಲ್ಲ ಸಾರ್.’ ಎಳೆದುಕೊಳ್ಳಬೇಕಾಗಿಯೂ ಇಲ್ಲ. ಸಿಗಾರಿನ ಹೊಗೆ ಕ್ಷಾರೀಯ. ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಇಳಿಯುತ್ತದೆ. ದೊಡ್ಡ ಸಿಗಾರೊಂದರಲ್ಲಿ ಒಂದಿಡೀ ಪ್ಯಾಕ್ ಸಿಗರೇಟಿನಷ್ಟು ಹೊಗೆಸೊಪ್ಪು ಇರಬಲ್ಲದು. ಸಿಗ್ಮಂಡ್ ಫ್ರಾಯ್ಡ್‌ಗೆ 1923ರಲ್ಲಿ ಬಾಯಿಯ ಕ್ಯಾನ್ಸರ್ ಪತ್ತೆಯಾಯಿತು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದರೂ ಊರವರ ಮನಸ್ಸು ಬಗೆದ ಆ ಮಹಾನುಭಾವರು ತಮ್ಮ ಸಿಗಾರು ಬಿಡಲಿಲ್ಲ. ಫಿಡೆಲ್ ಕ್ಯಾಸ್ಟ್ರೊ ಹೆಚ್ಚು ಜಾಣರು. ಅವರಿಗಾಗಿಯೇ 1966ರಲ್ಲಿ ಹುಟ್ಟಿದ ಬ್ರ್ಯಾಂಡ್ ಕೊಹಿಬಾ. 1985ರಲ್ಲಿ ಅವರು ಸೇದುವುದನ್ನು ಬಿಟ್ಟರು, ಅವರ ಸರ್ಕಾರ ಮಾರುವುದನ್ನು ಬಿಡಲಿಲ್ಲ.

ಕ್ಯೂಬಾದ ಕಾರ್ಖಾನೆಗಳಲ್ಲಿ 1865ರಲ್ಲಿ ಶುರುವಾದ ಒಂದು ಸೊಗಸಾದ ಪದ್ಧತಿಯಿದೆ. ಓದುಗನೊಬ್ಬ ಎತ್ತರದ ಪೀಠದಲ್ಲಿ ಕೂತು ಪತ್ರಿಕೆ, ಕಾದಂಬರಿ ಓದುತ್ತಾನೆ. ಕೆಲಸಗಾರರು ಕೇಳುತ್ತ ಎಲೆ ಸುತ್ತುತ್ತಾರೆ. ಮೊದಮೊದಲು ಅವನ ಸಂಬಳವನ್ನು ತಮ್ಮ ಕೂಲಿಯಿಂದಲೇ ಕೊಡುತ್ತಿದ್ದರು. ಮಾಂಟೆಕ್ರಿಸ್ಟೊ ಎಂಬ ಬ್ರ್ಯಾಂಡಿಗೆ ಹೆಸರು ಬಂದದ್ದೂ ಅಲ್ಲಿ ಓದಿಸಿಕೊಂಡ ಡ್ಯೂಮಾನ ಕಾದಂಬರಿಯಿಂದ. ಹವ್ಯಾಸಿ ಈ ಕಥೆಯನ್ನು ಗದ್ಗದಿತನಾಗಿ ಹೇಳುತ್ತಾನೆ. ಬೆಲೆಯಲ್ಲಿ ಅದೂ ಸೇರಿದೆ. ದಕ್ಷಿಣ ಕನ್ನಡದ ಜಗುಲಿಗಳಲ್ಲಿ ಬೆನ್ನು ಬಗ್ಗಿಸಿ ಸಾವಿರದ ಲೆಕ್ಕದಲ್ಲಿ ಬೀಡಿ ಕಟ್ಟುವ ಹೆಂಗಸರ ಬಗ್ಗೆ ಕೇಳಿ ನೋಡಿ, ಕಣ್ಣು ಒಣಗಿಬಿಡುತ್ತದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಬೀಡಿ ಹಚ್ಚಿದ ವಾಚ್‌ಮನ್‌ಗೆ ಸಂಘದಿಂದ ನೋಟಿಸು ಹೋಗುತ್ತದೆ. ನೋಟಿಸಿಗೆ ಸಹಿ ಮಾಡಿದ ಕಾರ್ಯದರ್ಶಿಯ ಬಾಲ್ಕನಿಯಿಂದ ಇಳಿದು ಬರುವುದು ಮಾತ್ರ ಸಂಸ್ಕೃತಿ.

ಹವ್ಯಾಸ ಮಾಗಿದಂತೆಲ್ಲ ಸೇದುವುದು ಕಡಿಮೆಯಾಗಿ ಕಾಯುವುದೇ ಹೆಚ್ಚಾಗುತ್ತದೆ. ಮುಚ್ಚಳ ತೆರೆ, ಮೂಸು, ಎಣಿಸು, ಮುಚ್ಚು. ಡಾಕ್ಟರು ಪೂರ್ತಿ ನಿಲ್ಲಿಸಿ ಎಂದ ಮೇಲಂತೂ ಆರೈಕೆ ಇಮ್ಮಡಿ. ಅಡುಗೆಮನೆಯಿಂದ ದನಿ ಕೇಳಿಸುತ್ತದೆ:

‘ರೀ, ಬಿ.ಪಿ. ಮಾತ್ರೆ ತಗೊಂಡ್ರಾ? ಬೆಳಿಗ್ಗೆಯಿಂದ ಒಂದ್ ಲೋಟ ನೀರಾದ್ರೂ ಕುಡಿದ್ರಾ?’

‘ತಡಿಯೇ ಮಾರಾಯ್ತಿ, ಇಲ್ಲಿ ಅರವತ್ತಮೂರಕ್ಕೆ ಇಳಿದಿದೆ. ಮೊದ್ಲು ಇದಕ್ಕೆ ನೀರು.’