ಅಂಚು ಮುಟ್ಟಿ ನೋಡುವ ಮಾಮ

ಮುಂಬಯಿಯಲ್ಲಿ ಹೊಸ ಫ್ಲ್ಯಾಟ್ ನೋಡಲು ಬಂದವರು ಮೊದಲು ಕಿಟಕಿಯಾಚೆ ಇಣುಕುತ್ತಾರೆ, ಆಮೇಲೆ ಚದರಡಿಗೆ ಎಷ್ಟು ಬಿತ್ತೆಂದು ಕೇಳುತ್ತಾರೆ. ಪ್ಲೈವುಡ್ ಮಾಮ ಮಾತ್ರ ಸೀದಾ ಬಗ್ಗುತ್ತಾರೆ. ಕಪಾಟಿನ ಅಡಿಗೆ ಕೈ ತೂರಿಸಿ, "ಅಂಚು ಬೋಳು ಬಿಟ್ಟಿದ್ದಾನೆ ಮಾರಾಯ" ಎಂದು ನಿಟ್ಟುಸಿರಿಡುತ್ತಾರೆ. ಬೊರಿವಲಿಯಿರಲಿ, ಮುಲುಂಡ್ ಇರಲಿ, ನಮ್ಮೂರವರ ನಾಲ್ಕು ಮನೆಗಳಿರುವ ಸೊಸೈಟಿಯಲ್ಲಿ ಇಂಥ ಮಾಮ ಒಬ್ಬರು ಇದ್ದೇ ಇರುತ್ತಾರೆ.

ಕಿಸೆಯಲ್ಲಿ ಅಳತೆ ಟೇಪು. 19 ಎಂಎಂ ಎಂದು ಮಾರಿದ ಹಲಗೆ 18 ಇದ್ದರೆ ಕಣ್ಣಳತೆಯಲ್ಲೇ ಹಿಡಿಯುತ್ತಾರೆ. ಸುತಾರನನ್ನು ಹಿಂದಿಯಲ್ಲಿ ಬೈದು, ಕನ್ನಡದಲ್ಲಿ ಮರುಗಿ, ಕೊನೆಗೆ ಕಟಿಂಗ್ ಚಹಾ ಕುಡಿಸುತ್ತಾರೆ.

ನನ್ನ ಪಾಲಿಗೆ ಬಂದ ಮಾಮ ಭಾಂಡುಪಿನ ಒಂದು ಗೃಹಪ್ರವೇಶದಲ್ಲಿ ಪೂರ್ಣಾವತಾರ ತೋರಿಸಿದರು. ಎಲ್ಲರೂ ಅಡುಗೆಮನೆಯ ಮೈಕಾದ ಹೊಳಪಿಗೆ ಬೆರಗಾಗಿದ್ದಾಗ, ಇವರು ಇಸ್ತ್ರಿ ಮಾಡಿದ ಪಂಚೆಯಲ್ಲೇ ನೆಲಕ್ಕೆ ಒರಗಿ, ಸಿಂಕಿನಡಿಗೆ ತಲೆ ಹಾಕಿದರು. ಪೈಪಿಗೆಂದು ಕೊರೆದ ತೂತಿಗೆ ಪ್ರೈಮರ್ ಇಲ್ಲ! ಒಳಗಿನಿಂದಲೇ ಸುತಾರನಿಗೆ ಫೋನು ಹೋಯಿತು. "ಅಂಕಲ್‌ಜೀ, ಮರೀನ್ ಪ್ಲೈ ಹೈ, ಕುಛ್ ನಹೀ ಹೋಗಾ" ಎಂದನಂತೆ ಅವನು. ಅಷ್ಟು ಸಾಕಾಯಿತು.

"ಐಎಸ್ 710 ಮರೀನ್ ಹಲಗೆಯನ್ನು 72 ಗಂಟೆ ಕುದಿಸಿ ಪರೀಕ್ಷೆ ಮಾಡುತ್ತಾರೆ, ಪದರ ಬಿಡಬಾರದು ಅಂತ. ಒಪ್ಪಿದೆ. ಆದರೆ ಅದು ಗೋಂದಿನ ಪರೀಕ್ಷೆ ಮಾರಾಯ, ನೀರು ಕುಡಿಯುವುದು ಮರ! ಕೊಯ್ದ ಅಂಚಿನಲ್ಲಿ ನಾರಿನ ಬಾಯೆಲ್ಲ ತೆರೆದಿರುತ್ತದೆ. ಹರಿವೆ ದಂಟು ಸಾಂಬಾರು ಹೀರಿದ ಹಾಗೆ ಹೀರುತ್ತದೆ." ಆಮೇಲೆ ಚಿಕಿತ್ಸೆ: ಅಂಚಿಗೆ ಪಾಲಿಶ್ ಕಾಗದ ಉಜ್ಜಬೇಕು, ಪಿಯು ಸೀಲರನ್ನು ಮೊದಲ ಸಲ ತೆಳ್ಳಗೆ ಮಾಡಿ ಕುಡಿಸಬೇಕು, ಒಣಗಿದ ಮೇಲೆ ಇನ್ನೆರಡು ಕೈ, ಅದರ ಮೇಲೆ ಎಡ್ಜ್ ಬ್ಯಾಂಡ್, ಪೈಪಿನ ಸುತ್ತ ಸಿಲಿಕೋನ್. ಬಿಳಿ ಗೋಂದು ಸವರಿ "ಸೀಲ್ ಆಯಿತು" ಎನ್ನುವವನನ್ನು ನಂಬಬಾರದು, ನೀರು ತಾಗಿದರೆ ಅದು ಮೆತ್ತಗಾಗುತ್ತದೆ. ಸಪಾದ ಭಕ್ಷ್ಯದ ಚಮಚ ಎತ್ತಿದ ಭಟ್ಟರು ಅಷ್ಟು ಹೊತ್ತೂ ಚಮಚ ಇಳಿಸಲಿಲ್ಲ.

ನಮ್ಮ ಮನೆಗೆ ಪುಸ್ತಕದ ಕಪಾಟು ಮಾಡಿಸಿದಾಗ ಜುಲೈ ತಿಂಗಳು. ಪ್ರೈಮರ್ ಒಣಗುವ ತನಕ ಮಾಮ ಸುತಾರನಿಗೆ ಸುತ್ತಿಗೆ ಮುಟ್ಟಲು ಬಿಡಲಿಲ್ಲ. ಪುಸ್ತಕಗಳು ಮಂಚದ ಮೇಲೆ ಮಲಗಿದವು, ನಾವು ಕೆಳಗೆ. ಮಾಮನ ಅಂಟುಜಾಡ್ಯ ನನಗೂ ತಗಲಿದೆ. ಮದುವೆ ಹಾಲುಗಳಲ್ಲಿ ಊಟಕ್ಕೆ ಕೂತರೆ ಕೈ ತಾನಾಗಿ ಮೇಜಿನಡಿಗೆ ಹೋಗುತ್ತದೆ. ಇದುವರೆಗೆ ಸಿಕ್ಕಿರುವುದು ಯಾರೋ ಅಂಟಿಸಿಟ್ಟ ಚೂಯಿಂಗ್ ಗಮ್.

ಮಾಮನ ಈ ಹುಚ್ಚಿಗೆ ಒಂದು ಹುಟ್ಟುಹಬ್ಬ ಇದೆ: 2005ರ ಜುಲೈ 26. ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದ ಆ ದಿನ, ಕುರ್ಲಾದ ಅವರ ನೆಲಮಹಡಿಯ ಕೋಣೆಗೂ ನೀರು ನುಗ್ಗಿತು. ನೀರು ಇಳಿದರೂ ಕಪಾಟಿನ ಬಾಗಿಲು ಉಬ್ಬಿ ತೆರೆಯಲೇ ಇಲ್ಲ. ಹಾರೆ ಹಾಕಿ ಒಡೆಯಬೇಕಾಯಿತು. ಮೇಲಿನ ಖಾನೆಯಲ್ಲಿದ್ದ ಹೆಂಡತಿಯ ಧಾರೆ ಸೀರೆಗೆ ಏನೂ ಆಗಿರಲಿಲ್ಲ. ಹೆಂಡತಿ ತೀರಿಕೊಂಡು ವರ್ಷಗಳಾದವು. ಸೀರೆಯಿರುವ ಈಗಿನ ಕಪಾಟಿಗೆ ಪ್ರತಿ ಮೇ ತಿಂಗಳಲ್ಲಿ ಮಾಮ ತಾವೇ ಒಂದು ಕೈ ಸೀಲರ್ ಬಳಿಯುತ್ತಾರೆ. ಇದು ತಿಳಿದ ಮೇಲೆ ಸಿಟ್ಟು ಬಂದರೂ ಅವರ ಮುಖಕ್ಕೆ ಬಾಗಿಲು ಹಾಕುವುದು ನನಗೆ ಕಷ್ಟವಾಗಿದೆ.

ಈ ಊರಲ್ಲಿ ನಾವು ದುಡ್ಡು ಸುರಿಯುವುದೆಲ್ಲ ನೆಂಟರ ಕಣ್ಣಿಗೆ ಬೀಳುವ ಮೈಗೆ. ಯಾರೂ ನೋಡದ ಅಂಚನ್ನು ದೇವರಿಗೆ ಬಿಡುತ್ತೇವೆ. ಸಂಸಾರ, ಸಂಘ, ಸೊಸೈಟಿ ಎಲ್ಲವೂ ಉಬ್ಬುವುದು ಅಲ್ಲಿಂದಲೇ… ನೋಡಿ, ನಾನೂ ಮಾಮನ ಧಾಟಿಯಲ್ಲೇ ಉಪದೇಶಕ್ಕೆ ಇಳಿದೆ.

ಆದ್ದರಿಂದ ಇಷ್ಟು ಮಾಡಿ: ಜೂನ್ ಬರುವ ಮೊದಲು ಸಿಂಕಿನಡಿಯ ಅಂಚಿಗೆ ಎರಡು ಕೈ ಸೀಲರ್ ಬಳಿಸಿ. ಸುತಾರನನ್ನು ನೀವೇ ಕರೆಯಬೇಕು. ಮಾಮನನ್ನು ಕರೆಯುವುದೇನೂ ಬೇಡ, ಸೀಲರಿನ ವಾಸನೆ ಹಿಡಿದು ಅವರೇ ಬರುತ್ತಾರೆ.